ಅಡುಗೆಮನೆಯ ಕೆಮಿಕಲ್ ಸ್ಟೋರು

ಬೆಳಿಗ್ಗೆ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದು, ಎಂದಿನಂತೆ ಏಸುವಿನ ಚಿತ್ರದ ಗಾಜು ಒರೆಸಿ, ಚಹಾಕ್ಕೆ ನೀರಿಟ್ಟೆ. ಗಂಡ ಆಗಲೇ ಅಡುಗೆಮನೆಯ ನೆಲದಲ್ಲಿ ಕೂತಿದ್ದರು. ಮರುದಿನ ಮುಸಫ್ಫಾ ಇಂಡಸ್ಟ್ರಿಯಲ್ ಏರಿಯಾದ ಬಟ್ಟೆ ಮಿಲ್ಲೊಂದರಲ್ಲಿ ಕೆಮಿಕಲ್ ಸ್ಟೋರ್‌ಕೀಪರ್ ಕೆಲಸಕ್ಕೆ ಇಂಟರ್‌ವ್ಯೂ. ಹಳೆಯ ಕಂಪನಿ ವೀಸಾ ಕ್ಯಾನ್ಸಲ್ ಮಾಡಿಯಾಗಿತ್ತು. ಇದೂ ಕೈತಪ್ಪಿದರೆ ಟೂರಿಸ್ಟ್ ಕ್ಲಬ್ ಏರಿಯಾದ ಈ ಫ್ಲ್ಯಾಟ್ ಬಿಟ್ಟು ನಾವು ಮೂವರೂ ಮಂಗಳೂರಿಗೆ ಮರಳಬೇಕಿತ್ತು.

"ನೀನು ಮ್ಯಾನೇಜರ್. ಕೇಳು," ಎಂದರು.

ವಿನೆಗರ್ ಬಾಟಲಿ ಆಸಿಡ್ ಆಯಿತು, ಅಕ್ಕಿ ಡಬ್ಬ ಕಾಸ್ಟಿಕ್ ಸೋಡಾ. ಸಕ್ಕರೆ ಡಬ್ಬ, ಬಟ್ಟೆಗೆ ಬಣ್ಣ ಹಾಕುವಾಗ ಬಳಸುವ ಹೈಡ್ರೋಸ್ ಪುಡಿ.

"ಹೈಡ್ರೋಸ್ ಎಲ್ಲಿಡ್ತೀರಿ, ಮಿಸ್ಟರ್?" ನನ್ನ ಕಾನ್ವೆಂಟಿನ ಸಿಸ್ಟರ್ ದನಿಯಲ್ಲಿ ಕೇಳಿದೆ.

"ನೀರು ತಾಗದ ಕಡೆ. ನೆಲಕ್ಕೆ ಇಡ್ಲಿಕ್ಕಿಲ್ಲ, ಹಲಗೆ ಮೇಲೆ. ತೇವ ಆದ್ರೆ ಬೆಂಕಿ ಹತ್ತುತ್ತದೆ."

"ಮತ್ತೆ ಸಿಂಕಿನ ಬುಡದಲ್ಲೇ ಇಟ್ಟಿದ್ದೀರಲ್ಲ!"

ಅವರು ನಗಲಿಲ್ಲ. ಕಿವಿ ಕೆಂಪಾಯಿತು. ಎದ್ದು, ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗಿಳಿಸಿ, ಚಪಾತಿ ಮಣೆ, ರಟ್ಟಿನ ಪೆಟ್ಟಿಗೆಗಳ ಮೇಲೆ ಗೋಡೆಗೆ ತಾಗದಂತೆ ಜೋಡಿಸತೊಡಗಿದರು. ದಿನವಿಡೀ ನಾನು ಕೇಳಿದೆ, ಅವರು ಹೇಳಿದರು. ತಪ್ಪು ಕಡಿಮೆಯಾಯಿತು.

ಸಂಜೆ ಪಕ್ಕದ ಫ್ಲ್ಯಾಟಿನ ಉಪ್ಪಿನಂಗಡಿಯವಳು ಕರಿಬೇವು ಕೇಳಲು ಬಂದಳು. ನೆಲದ ತುಂಬ ಡಬ್ಬ, ಪೆಟ್ಟಿಗೆ ನೋಡಿ ಬಾಗಿಲಲ್ಲೇ ನಿಂತಳು.

"ಎಂಥ ಅಕ್ಕ, ಊರಿಗೆ ಹೊರಟಿರಾ? ಫ್ರಿಜ್ ಮಾರುವುದಾದ್ರೆ ಫಸ್ಟ್ ನಂಗೆ ಹೇಳ್ಬೇಕು, ಆಯ್ತಾ?"