ಪೈಪು ಮೂಸುವ ಭಾನುವಾರ

ಪೆಟ್ರೋಲಿನ ವಾಸನೆ ಎಲ್ಲಿ ಬಂದರೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೋರ ಎಂಬ ಹಳ್ಳಿಯ ಶಾಲೆಗೆ ಪಾಠ ಹೇಳಲು ಹೋಗುವಾಗ ಹೆದ್ದಾರಿಯಲ್ಲೇ ಆಗಲಿ, ಸ್ಕೂಟರ್ ನಿಲ್ಲಿಸಿ ಬಗ್ಗಿ ನೋಡಿಯೇ ಮುಂದೆ ಹೋಗಬೇಕು. ಜೊತೆಯ ಟೀಚರುಗಳು "ಪೊಲೀಸ್ ನಾಯಿ ಬಂತು" ಎಂದು ನಗುತ್ತಾರೆ. ನಗಲಿ. ಅವರಿಗೆ ಉಪ್ಪಾರಹಳ್ಳಿಯ ನಮ್ಮ ಹಳೆಯ ಮನೆ ಗೊತ್ತಿಲ್ಲ.

ಆ ಮನೆಯ ಮುಂದೆ ಭಾನುವಾರ ಬೆಳಗ್ಗೆ ಅಪ್ಪನ ಬೈಕಿಗೆ ಸೇವೆ ನಡೆಯುತ್ತಿತ್ತು. ಅಪ್ಪ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಾ ಅದೇ ಬೈಕಿನಲ್ಲಿ ಹೋಗಿಬರುತ್ತಿದ್ದರು. ಟ್ಯಾಂಕಿನ ಕೆಳಗಿನ ಕಾಕ್ ತಿರುಗಿಸಿ ಪೆಟ್ರೋಲ್ ನಿಲ್ಲಿಸಿ, ಅಲ್ಲಿಂದ ಕಾರ್ಬೊರೇಟರಿಗೆ ಇಳಿಯುವ ಕಿರುಬೆರಳು ದಪ್ಪದ ಪೈಪನ್ನು ಮಡಿಸಿ ಮಡಿಸಿ ಬಿರುಕು ಹುಡುಕುತ್ತಿದ್ದರು. ಎರಡು ತುದಿಯ ಕ್ಲಿಪ್ಪುಗಳನ್ನೂ ಅಲ್ಲಾಡಿಸಿ ನೋಡಿ, ಮತ್ತೆ ಕಾಕ್ ತೆರೆದು, ಒಳಗೆ ಕೂಗುತ್ತಿದ್ದರು: "ಲೇ ಶಾರದಾ, ಮೂಸು ಬಾರೇ." ಯಾಕೆಂದರೆ ಅಪ್ಪನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಚಿಕ್ಕಂದಿನ ಯಾವುದೋ ಜ್ವರ ಅವರ ಮೂಗನ್ನು ಹೆಸರಿಗಷ್ಟೇ ಉಳಿಸಿ ಹೋಗಿತ್ತು. ಅಮ್ಮ ಒಗ್ಗರಣೆ ಬಿಟ್ಟು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಂಜಿನ್ನಿನ ಪಕ್ಕ ಮಂಡಿಯೂರಿ ಕಣ್ಣು ಮುಚ್ಚಿ ಮೂಸುತ್ತಿದ್ದಳು. "ಏನಿಲ್ಲ, ಹೊರಡಿ" ಎಂದು ಅವಳು ಅಂದಮೇಲೆಯೇ ಕಿಕ್. ಆಮೇಲೆ ಬಹಳ ಹೊತ್ತು ಅವಳ ಸೆರಗಿನಲ್ಲಿ ಇಂಗೂ ಪೆಟ್ರೋಲೂ ಬೆರೆತ ವಾಸನೆ ಇರುತ್ತಿತ್ತು. ನನಗೆ ಅದೇ ಅಮ್ಮನ ವಾಸನೆ.

ಒಂದು ಭಾನುವಾರ ಕುಣಿಗಲ್ಲಿನಲ್ಲಿ ಚಿಕ್ಕಮ್ಮನ ಮಗುವಿಗೆ ನಾಮಕರಣ. ಅಮ್ಮನಿಗೆ ಮೂಗು ಕಟ್ಟಿದ ನೆಗಡಿ. "ಎಂಟು ವರ್ಷ ಆಯ್ತಲ್ಲಮ್ಮ ನಿಂಗೆ, ಇವತ್ತು ನೀನೇ ಮೂಸು" ಎಂದರು ಅಪ್ಪ. ನಾನು ಹೊಸ ರೇಷ್ಮೆ ಲಂಗ ಉಟ್ಟಿದ್ದೆ. ಮಂಡಿಯೂರಿದರೆ ಕೊಳೆಯಾಗುತ್ತದೆ. ನಿಂತಲ್ಲೇ ಮೂಗೆಳೆದ ಹಾಗೆ ಮಾಡಿ, ಅಮ್ಮನ ಧಾಟಿಯಲ್ಲೇ "ಏನಿಲ್ಲ, ಹೊರಡಿ" ಅಂದೆ. ಅಪ್ಪ ನಕ್ಕು ನನ್ನನ್ನು ಎತ್ತಿ ಟ್ಯಾಂಕಿನ ಮೇಲೆ ಕೂರಿಸಿಕೊಂಡರು, ಅಮ್ಮ ಹಿಂದೆ ಕೂತಳು.

ಊರು ದಾಟುವಷ್ಟರಲ್ಲಿ ವಾಸನೆ ಬಂತು. ಮೊದಲು ಸ್ವಲ್ಪ, ಆಮೇಲೆ ಗಂಟಲಿಗೆ ಹತ್ತುವಷ್ಟು. ಆ ಬೈಕಿನ ಮೇಲಿದ್ದ ಮೂರು ಮೂಗುಗಳಲ್ಲಿ ಕೆಲಸ ಮಾಡುತ್ತಿದ್ದದ್ದು ನನ್ನದೊಂದೇ. ಹೇಳಿದರೆ ಸುಳ್ಳು ಬಯಲಾಗುತ್ತದೆ. ಈ ತೆಂಗಿನ ತೋಟ ದಾಟಲಿ, ಆ ತಿರುವು ಬರಲಿ, ಆಮೇಲೆ ಹೇಳೋಣ ಎಂದುಕೊಳ್ಳುತ್ತಾ ಬಾಯಿ ಬಿಡಲೇ ಇಲ್ಲ. ಕಾಲ ಪಕ್ಕ ಇಂಜಿನ್ ಕಾಯುತ್ತಿತ್ತು, ಲಂಗದ ಅಂಚು ತಣ್ಣಗೆ ಒದ್ದೆಯಾಗುತ್ತಿತ್ತು. ಹೆಬ್ಬೂರಿನಲ್ಲಿ ಟೀಗೆಂದು ನಿಲ್ಲಿಸಿದೆವು. ಅಂಗಡಿಯವನು ನಮ್ಮನ್ನು ಕಂಡವನೇ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದ: "ಸಾ, ಮೊದ್ಲು ಮಗೀನ ಇಳ್ಸಿ! ಪೆಟ್ರೋಲ್ ಸುರೀತಾ ಐತೆ!"

ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಪೈಪಿನ ತುದಿ ಸೀಳಿತ್ತು. ಅಪ್ಪ ಬ್ಲೇಡು ಕೇಳಿ ಪಡೆದು ಅಷ್ಟನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಸಿಕ್ಕಿಸಿದರು. "ನಿಂಗೂ ನೆಗಡಿ ಆಗಿತ್ತೇನಮ್ಮ? ನಾನು ಕೇಳ್ಬೇಕಿತ್ತು. ತಪ್ಪು ನಂದೇ ಕಣಮ್ಮ" ಎಂದರು. ನಾನು "ಹೂಂ" ಅಂದೆ. ಅಮ್ಮ ನನ್ನ ಲಂಗದ ಅಂಚು ಹಿಂಡುತ್ತಾ ಒಮ್ಮೆ ನನ್ನ ಮುಖ ನೋಡಿದಳು.

ಅಂದಿನಿಂದ ಭಾನುವಾರದ ಶಾಸ್ತ್ರಕ್ಕೆ ಇನ್ನೊಂದು ಮಾತು ಸೇರಿತು. ನನ್ನನ್ನು ಮೂಸಲು ಕರೆದಾಗಲೆಲ್ಲ ಅಪ್ಪ ಮೊದಲು ಕೇಳುತ್ತಿದ್ದರು: "ನೆಗಡಿ ಇಲ್ಲ ತಾನೇ ಮಗಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಲಂಗದ ಅಂಚಿಗೆ ಹೋಗುತ್ತಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅನ್ನುತ್ತಲೇ ಕಾಲೇಜು, ಕೆಲಸ, ಮದುವೆ ಎಲ್ಲ ಮುಗಿದವು. ಅಮ್ಮ ಹೋದಳು, ಅಪ್ಪನೂ ಹೋದರು. ಮನೆಯಿದ್ದ ಜಾಗದಲ್ಲಿ ಯಾರದೋ ಮೂರಂತಸ್ತು ಎದ್ದಿದೆ. ನಿಮಗೂ ಹೀಗೆ ಹೇಳದೆ ಉಳಿದ ಮಾತೊಂದು ಇದ್ದೀತು. ನನ್ನ ಪಾಲಿಗೆ ಅದರ ಜೊತೆ ಅಪ್ಪನ ಬೈಕೂ ಉಳಿದಿದೆ.

ಈಗಲೂ ಭಾನುವಾರ ಕಾಕ್ ತೆರೆದು, ಸೀರೆ ಕೊಳೆಯಾದರೆ ಆಗಲಿ ಎಂದು ನೆಲಕ್ಕೆ ಮಂಡಿಯೂರುತ್ತೇನೆ. ಪೈಪು ಹೊಸದು, ಕ್ಲಿಪ್ಪು ಬಿಗಿಯಾಗಿದೆ. ಆದರೂ ಸಮಾಧಾನವಿಲ್ಲದೆ ಮತ್ತೆ ಮತ್ತೆ ಮೂಸುತ್ತೇನೆ. "ಏನಿಲ್ಲ, ಹೊರಡಿ" ಎನ್ನಲು ಬಾಯಿ ಬರುವುದಿಲ್ಲ. "ನಂಗೆ ಅವತ್ತು ನೆಗಡಿ ಇರ್ಲಿಲ್ಲ ಅಪ್ಪ" ಎಂದು ಖಾಲಿ ಸೀಟಿಗೆ ಹೇಳುತ್ತೇನೆ.