ಉಸ್ತಾದರ ತಲೆಗೆ ಕಟ್ಟಿದ ಕ್ರ್ಯಾಂಕು

ಎಂಜಿನ್ನಿನೊಳಗೆ ತಿರುಗುವ ಆ ಕ್ರ್ಯಾಂಕನ್ನು ಸುತ್ತಿಗೆಯಿಂದ ಬಡಿದು ಕೂಡಿಸಿದವನು ನಾನು. ಬೇರಿಂಗು ಸಡಿಲಾಗಿ ಪ್ಲೇ ಬಂದದ್ದು ಕೈಗೆ ಗೊತ್ತಾದ ಮೇಲೂ ಇಲ್ಲ ಎಂದವನೂ ನಾನು. ಇವೆರಡನ್ನು ಹೇಗೋ ನುಂಗಿಕೊಂಡು ಬದುಕಬಹುದಿತ್ತೇನೋ — ಆದರೆ ಮೂರನೆಯದೊಂದಿದೆ. ಆ ತಪ್ಪನ್ನು ನನಗೆ ಕೆಲಸ ಕಲಿಸಿದವರ ತಲೆಗೇ ಕಟ್ಟಿದೆ. ಅದೂ ಅವರು ನಂಬುವ ಹಾಗೆ.

ಗಂಗಾವತಿಯಲ್ಲಿ ನಮ್ಮ ಉಸ್ತಾದ್ ಮೌಲಾಸಾಬರ ಗ್ಯಾರೇಜೆಂದರೆ ಹಳೆಯ ಗೇರಿನ ಸ್ಕೂಟರುಗಳಿಗೆ ಕೊನೆಯ ಠಿಕಾಣಿ. ಕುಷ್ಟಗಿ, ಯಲಬುರ್ಗಾದಿಂದಲೂ ಕೆಟ್ಟ ಗಾಡಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ತರುತ್ತಿದ್ದರು. ನಾನು ಅವರ ಕೈಕೆಳಗೆ ಹದಿನೈದು ವರ್ಷ ದುಡಿದಿದ್ದೆ. ಉಸ್ತಾದರ ಬೆರಳುಗಳು ಆಗಲೇ ಸಣ್ಣಗೆ ನಡುಗುತ್ತಿದ್ದವು. ಅವರ ನಂತರ ಗ್ಯಾರೇಜು ನನ್ನದೇ, ಶರಣಪ್ಪನದೇ ಎಂದು ಎಲ್ಲರೂ ಅನ್ನುತ್ತಿದ್ದರು. ನನಗೂ ಅದೇ ಗುಂಗು ಹಿಡಿದಿತ್ತು.

ಸುಮಂಗಲಾ ಟೀಚರ್ ಶ್ರೀರಾಮನಗರದ ಶಾಲೆಗೆ ಹೋಗಿಬರುತ್ತಿದ್ದದ್ದು ಅವರ ತಂದೆಯ ಕಾಲದ ಸ್ಕೂಟರಿನ ಮೇಲೆ. ಅದರ ಎಂಜಿನ್ ಬಿಚ್ಚಿ ಹೊಸ ಬೇರಿಂಗ್ ಹಾಕಬೇಕಾಗಿ ಬಂತು. ಪದ್ಧತಿ ನನಗೆ ಚೆನ್ನಾಗಿ ಗೊತ್ತಿತ್ತು — ಎಂಜಿನ್ನಿನ ಕೇಸನ್ನು ಕಾಯಿಸಬೇಕು. ಕಾದರೆ ಅದು ತುಸು ಹಿಗ್ಗುತ್ತದೆ. ಆಗ ಬೇರಿಂಗೂ ಕ್ರ್ಯಾಂಕೂ ಒತ್ತಾಯವಿಲ್ಲದೆ ಕೂರುತ್ತವೆ. ಸುತ್ತಿಗೆ ಮುಟ್ಟಿಸಿದರೆ ಕ್ರ್ಯಾಂಕು ಕೂದಲೆಳೆಯಷ್ಟು ಓರೆಯಾಗುತ್ತದೆ. ಮೊದಮೊದಲು ಗೊತ್ತಾಗುವುದಿಲ್ಲ. ತಿರುಗಿ ತಿರುಗಿ ಬೇರಿಂಗನ್ನು ತಿಂದುಹಾಕುತ್ತದೆ.

ಅವತ್ತು ಶುಕ್ರವಾರ. ಉಸ್ತಾದರು ನಮಾಜಿಗೆ ಹೋಗುವ ಮುನ್ನ ಹೇಳಿದರು: "ಶರಣ್ಯಾ, ಕೇಸ್ ಛಲೋತ್ನಂಗ ಕಾಸು. ಅವಸರ ಮಾಡಬ್ಯಾಡ."

ನಾನು ಕಾಯಿಸಲಿಲ್ಲ. ಮೂರೇ ಏಟು, ಕ್ರ್ಯಾಂಕು ಒಳಗೆ ಕೂತಿತು. ಅವರು ಬರುವಷ್ಟರಲ್ಲಿ ಕೇಸ್ ಮುಚ್ಚಿ ಬೋಲ್ಟು ಬಿಗಿದಿದ್ದೆ. ಯಾಕೆ ಎಂದರೆ — ನನ್ನಂಥ ಕೈಗೆ ಅದೆಲ್ಲ ಬೇಕಿಲ್ಲ ಅನ್ನಿಸಿತ್ತು. ಅಷ್ಟೇ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಎರಡು ತಿಂಗಳಿಗೆ ಟೀಚರ್ ಮತ್ತೆ ಬಂದರು. "ಗುರ್ ಅಂತೈತ್ರಿ ಉಸ್ತಾದ್. ಕಾಲಿಟ್ಟಲ್ಲಿ ನಡುಕ ಬರ್ತೈತಿ."

ಉಸ್ತಾದರು ತಮ್ಮ ಬೆರಳನ್ನು ಒಮ್ಮೆ ನೋಡಿಕೊಂಡು ನನಗೆ ಹೇಳಿದರು: "ಮ್ಯಾಗ್ನೆಟ್ ಹಿಡದು ನೋಡು."

ಫ್ಯಾನ್ ಕವರ್ ತೆಗೆದು, ಕ್ರ್ಯಾಂಕಿನ ತುದಿಗೆ ಕೂತಿರುವ ಆ ಭಾರದ ಮ್ಯಾಗ್ನೆಟ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದೆ. ಒಳಗೆ ಹೊರಗೆ ಎಳ್ಳಷ್ಟು ಸರಿದರೆ ಚಿಂತೆಯಿಲ್ಲ. ಮೇಲೆ ಕೆಳಗೆ ಮಾತ್ರ ಅಲುಗಬಾರದು. ಎತ್ತಿದೆ — ಟಕ್. ಒತ್ತಿದೆ — ಟಕ್. ಬೇರೆ ಯಾರಿಗೂ ಕೇಳಿಸಲಿಲ್ಲ; ನನ್ನ ಅಂಗೈಗೆ ಗೊತ್ತಾಯಿತು. ಎಂಜಿನ್ ಬಿಚ್ಚಿದರೆ ಉಸ್ತಾದರ ಕಣ್ಣಿಗೆ ಮೊದಲು ಬೀಳುವುದು ಕ್ರ್ಯಾಂಕಿನ ತುದಿಯ ಸುತ್ತಿಗೆ ಗುರುತು.

"ಪ್ಲೇ ಇಲ್ರಿ. ಫ್ಯಾನ್ ಕವರ್ ಸಡ್ಲಾಗಿತ್ತು, ಬಿಗಿ ಮಾಡೀನಿ. ಬೇಫಿಕರ್ ಹೋಗ್ರಿ ಅಕ್ಕೋರ."

ಟೀಚರ್ ನಂಬಿ ಹೋದರು.

ಐದನೆಯ ದಿನ ಕಾಲುವೆ ರಸ್ತೆಯಲ್ಲಿ ಬೇರಿಂಗು ಪುಡಿಯಾಗಿ ಎಂಜಿನ್ ಹಿಡಿದುಕೊಂಡಿತು. ಓಡುತ್ತಿದ್ದ ಗಾಡಿಯ ಹಿಂದಿನ ಚಕ್ರ ಒಮ್ಮೆಲೇ ನಿಂತಿತು. ಟೀಚರ್ ಸೇತುವೆಯ ಕಲ್ಲಿನ ಮೇಲೆ ಬಿದ್ದರು. ಮಂಡಿಯ ಚಿಪ್ಪು ಒಡೆಯಿತು. ಆಪರೇಷನ್ ಆದರೂ ಆ ಕಾಲು ಪೂರ್ತಿ ಮಡಚಲೇ ಇಲ್ಲ.

ಸ್ಕೂಟರು ಗ್ಯಾರೇಜಿಗೆ ಬಂತು. ಉಸ್ತಾದರೇ ಕೂತು ಎಂಜಿನ್ ಬಿಚ್ಚಿದರು. ಕ್ರ್ಯಾಂಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕ ಸುತ್ತಿಗಿ ಏಟು ಬಿದ್ದೈತಿ. ಯಾರ ಕೂಡ್ಸಿದ್ದು?"

ಒಂದೇ ಒಂದು ಕ್ಷಣವಿತ್ತು ನನ್ನ ಹತ್ತಿರ. ನಾನು ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು —

"ನೀವ ಕೂಡ್ಸಿದ್ರಲ್ಲ, ಉಸ್ತಾದ್. ನಮಾಜ್ ಮುಗಿಸ್ಕೊಂಡು ಬಂದು. ಮರ್ತ್ರೇನು?"

ಅವರು ನನ್ನ ಮುಖ ನೋಡಿದರು. ಅನುಮಾನದಿಂದಲ್ಲ — ಅನುಮಾನಪಟ್ಟಿದ್ದರೆ ನಾನಿಂದು ಇಷ್ಟು ಕುಗ್ಗುತ್ತಿರಲಿಲ್ಲವೇನೋ. ಅವರ ಕಣ್ಣಲ್ಲಿದ್ದದ್ದು ಹೆದರಿಕೆ. ತಮ್ಮ ಬಗ್ಗೆಯೇ ಹೆದರಿಕೆ.

ಮರುದಿನ ಉಸ್ತಾದರು ಆಸ್ಪತ್ರೆಗೆ ಹೋಗಿ ಟೀಚರ್ ಮಂಚದ ಬಳಿ ಕೈಕಟ್ಟಿ ನಿಂತರು. "ನನ್ನ ಕೈಯಿಂದ ತಪ್ಪಾತು, ಅಕ್ಕೋರ. ಮಾಡಿದ್ದು ಸೈತ ನನಗ ನೆನಪಿಲ್ಲ." ಟೀಚರ್ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಉಸ್ತಾದರ ಹಿಂದೆಯೇ ನಿಂತಿದ್ದೆ. ಒಂದು ತಿಂಗಳೊಳಗೆ ಅವರು ಗ್ಯಾರೇಜಿನ ಕೀಲಿಕೈ ನನ್ನ ಕೈಗಿಟ್ಟು, ಕಾರಟಗಿಯ ಮಗಳ ಮನೆಗೆ ಹೋದರು. ಮತ್ತೆ ಪಾನಾ ಹಿಡಿಯಲಿಲ್ಲ.

ಹನ್ನೊಂದು ವರ್ಷವಾಯಿತು. ಹೋದ ತಿಂಗಳು ಕಾರಟಗಿಗೆ ಹೋದಾಗ ಅವರ ಮಗಳು ಶಬಾನಾ ಮಾತಿನ ನಡುವೆ ಹೇಳಿದಳು: "ಅಬ್ಬಾ ಎಲ್ಲಾನೂ ಚೀಟ್ಯಾಗ ಬರಕೋತಾರಣ್ಣಾ. ನೆನಪು ಛಲೋ ಐತಿ ಅಂತ ಡಾಕ್ಟರ್ ಹೇಳಿದ್ರೂ ಕೇಳಂಗಿಲ್ಲ. ಮೊಮ್ಮಗಳನ್ನ ತಾವೊಬ್ಬರ ಒಂದ್ ದಿನಾನೂ ಹೊರಗ ಕರಕೊಂಡು ಹೋಗಿಲ್ಲ. ಎಲ್ಲ್ಯಾರ ಬಿಟ್ಟು ಮರತು ಬಂದೇನು ಅಂತಾರ."

ಆ ಮಗುವಿಗೆ ಆಗಲೇ ಒಂಬತ್ತು ವರ್ಷ. ಅವರಿಗೆ ತಮ್ಮ ಮೇಲಿದ್ದ ನಂಬಿಕೆಯನ್ನು ನಾನು ಕಸಿದದ್ದು ಎಷ್ಟು ದೂರ ಹೋಗಿದೆ ಎಂದು ಆಗ ಹೊಳೆಯಿತು.

ಮೊದಲು ಟೀಚರ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. "ಆಸ್ಪತ್ರ್ಯಾಗ ಉಸ್ತಾದ್ ತಪ್ಪಾತು ಅಂದ್ರೂ ನಾ ತಿರುಗಿ ನೋಡ್ಲಿಲ್ಲ," ಎಂದರು ಅವರು. ಆಮೇಲೆ, "ನನ್ನ ಮುಂದ ಹೇಳಿ ಏನ್ ಬಂತು? ಅವರ ಮುಂದ ಹೇಳ್ರಿ. ನಾನೂ ಬರ್ತೀನಿ."

ಕಾರಟಗಿಯ ಆ ಮನೆಯ ಪಡಸಾಲೆಯಲ್ಲಿ ನಾನು ಮಾತು ಮುಗಿಸಿದಾಗ ಉಸ್ತಾದರು ನಕ್ಕರು. "ನನ್ನ ತಪ್ಪು ನೀ ಯಾಕ ಹೊರ್ತಿ, ಶರಣ್ಯಾ? ನೋಡ್ರಿ ಅಕ್ಕೋರ, ಎಂಥಾ ಮನಸು ಇವಂದು."

ಸುಳ್ಳು ಹೇಳಿದ ದಿನವೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

"ಮೂರು ಏಟು ಹಾಕೀನಿ, ಉಸ್ತಾದ್. ಕೇಸ್ ಕಾಸಲಿಲ್ಲ. ನೀವು ಬರೂದ್ರಾಗ ಬೋಲ್ಟ್ ಬಿಗದಿದ್ದೆ. ನೀವು ಆ ಕ್ರ್ಯಾಂಕ್ ಮುಟ್ಟೇ ಇಲ್ಲ."

ಅವರ ನಗು ನಿಧಾನಕ್ಕೆ ಆರಿತು.

"ತಣ್ಣಗಿತ್ತು," ಎಂದರು. "ನಾ ಬಂದು ಕೇಸ್ ಮ್ಯಾಲೆ ಕೈ ಇಟ್ಟೆ. ತಣ್ಣಗಿತ್ತು. ಇಷ್ಟ್ ಲಗೂ ಹೆಂಗ ಆರಿತು ಅಂತ ಕೇಳಬೇಕಂದೆ... ಗಿರಾಕಿ ಬಂದ್ರು, ಬಿಟ್ಟೆ." ಮಗಳ ಕಡೆ ತಿರುಗಿದರು. "ನನಗ ನೆನಪೈತಿ, ಬೇಟಾ. ಎಲ್ಲಾ ನೆನಪೈತಿ."

ಆಮೇಲೆ ಅವರು ಟೀಚರ್ ಜೊತೆಗಷ್ಟೇ ಮಾತಾಡಿದರು. ಮಂಡಿ ಎಷ್ಟು ಮಡಚುತ್ತದೆ, ಬಸ್ ಹತ್ತಲು ತ್ರಾಸವೇ ಎಂದು ಕೇಳಿದರು. ನಾವು ಎದ್ದಾಗ ಬಾಗಿಲವರೆಗೆ ಬಂದರು. ನನಗೆ ಅಂದದ್ದು ಇಷ್ಟೇ:

"ಹೋಗಿ ಬರ್ರಿ, ಶರಣಪ್ಪನವರ."

ಅಷ್ಟು ವರ್ಷಗಳಲ್ಲಿ ಅವರು ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಕ್ಷಮೆ ಕೇಳದೆಯೇ ಮೆಟ್ಟಿಲಿಳಿದೆ.

ಗ್ಯಾರೇಜಿಗೆ ಬರುವ ಹಳಬರು ಈಗಲೂ "ಪಾಪ, ಮೌಲಾಸಾಬರ ಕೈ ಕಡೀಕಡೀಗೆ ಕೆಟ್ಟಿತ್ತು" ಎನ್ನುತ್ತಾರೆ. ಕೆಟ್ಟದ್ದು ಅವರ ಕೈಯಲ್ಲ, ನಾನು ಎಂದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳುತ್ತಿದ್ದೇನೆ. ಎಷ್ಟೋ ಜನ ಮಾತ್ರ ಆ ಹಳೆಯ ಸುಳ್ಳನ್ನು ನಂಬಿಕೊಂಡೇ ಸತ್ತೂ ಹೋಗಿದ್ದಾರೆ.