ಚಿಲುಮೆಯ ಹೊಗೆಯಲ್ಲಿ ಬಂದ ಹಾಲಿನ ಗಾಡಿ

ಚಿಕ್ಕಪಡಸಲಗಿಯ ಬ್ಯಾರೇಜಿನ ಕಡೆಯಿಂದ ಮಂಜು ಊರೊಳಗೆ ಬರುತ್ತಿದೆ. ಪರಸಪ್ಪ ಮೆಟಡಾರ್ ನಿಲ್ಲಿಸಿ, ಹಾಲಿನ ಕ್ಯಾನನ್ನು ಮೊಣಕಾಲಿಗೆ ಆನಿಸಿ ಮೇಲೆತ್ತುತ್ತಾರೆ.

"ಯಂಕವ್ವ, ಎಮ್ಮಿ ಸಿಟ್ಟಾಗೇತೇನ? ಕ್ಯಾನ್ ಹಗುರ ಐತಲ್ಲ!"

"ಕರಾ ಹಗ್ಗ ಹರಕೊಂಡ ಕುಡದಬಿಟ್ಟೈತೋ ಅಣ್ಣಾ," ಎಂದು ಯಂಕವ್ವ ನಗುತ್ತಾರೆ.

ಅರವತ್ತರ ಹತ್ತಿರದ ಪರಸಪ್ಪ ಜಮಖಂಡಿಯ ಖಾಸಗಿ ಡೇರಿಯೊಂದರ ಚಾಲಕ. ನದಿದಂಡೆಯ ಹಳ್ಳಿಗಳ ಎಂಟುನೂರು ಲೀಟರ್ ಹಾಲು ಬಿಸಿಲೇರುವ ಮುನ್ನ ಊರು ಮುಟ್ಟುವುದು ಇವರಿಂದ. ಮೊದಲು ಮಹಾಲಿಂಗಪುರದಿಂದ ಬೆಲ್ಲದ ಲಾರಿ ಓಡಿಸುತ್ತಿದ್ದರು. "ಬೆಲ್ಲಾ ಕಾಯ್ತೈತ್ರಿ. ಹಾಲು ಕಾಯಾಂಗಿಲ್ಲ," ಎನ್ನುತ್ತಾರೆ.

1994ರ ಚಳಿಗಾಲದಲ್ಲಿ ಈ ಕೆಲಸವೇ ಕೈತಪ್ಪುವುದರಲ್ಲಿತ್ತು. ನಸುಕಿನಲ್ಲಿ ದಾರಿ ಬದಿ ನಡುಗುತ್ತ ನಿಂತಿದ್ದ ಇಬ್ಬರು ಬೈರಾಗಿಗಳನ್ನು ಇವರು ಮುಂದೆ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಚಳಿಗೆ ಗಾಜು ಏರಿಸಿದ್ದರು. ಸ್ವಲ್ಪ ಹೊತ್ತಿಗೆ ಗಾಂಜಾದ ಚಿಲುಮೆ ಹೊತ್ತಿಕೊಂಡಿತು.

"ನನಗೂ ಕೊಡಾಕ ಬಂದ್ರು. ಒಲ್ಲ್ಯಾ, ಗಾಡಿ ಹೊಡ್ಯಾಕತ್ತೇನಿ ಅಂದೆ. ಪಾಪ, ಮುದುಕರು. ಸೇದಬ್ಯಾಡ್ರಿ ಅನ್ನಾಕ ಬಾಯಿ ಬರಲಿಲ್ಲ."

ಬೈರಾಗಿಗಳು ದಾರಿಯಲ್ಲೇ ಇಳಿದುಹೋದರು. ಡೇರಿಯಲ್ಲಿ ಪರಸಪ್ಪ ಇಳಿದ ಕೂಡಲೇ ಮ್ಯಾನೇಜರ್ ಶ್ರೀನಿವಾಸರಾಯರಿಗೆ ವಾಸನೆ ಬಡಿಯಿತು. ಅಲ್ಲೇ ಕೀಲಿ ಕಸಿದುಕೊಂಡರು.

"ಸಾಹೇಬ್ರ, ವಾಸನಿ ಅಂಗ್ಯಾಗ ಐತಿ, ಹೊಟ್ಟ್ಯಾಗಿಲ್ಲ. ಬೇಕಾದ್ರ ತಪಾಸ ಮಾಡಸ್ರಿ," ಎಂದರು ಪರಸಪ್ಪ.

ಮೂತ್ರ ಪರೀಕ್ಷೆಗೆಂದು ದವಾಖಾನೆಗೆ ಹೋದಾಗ ಡಾಕ್ಟರ್ ಕುಮುದಿನಿ ಎಲ್ಲವನ್ನೂ ಕೇಳಿಕೊಂಡು ಎಚ್ಚರಿಸಿದರು: "ಸೇದಿದವರು ಬ್ಯಾರೆ ಆದ್ರೂ, ಗಾಳಿ ಇಲ್ಲದ ಜಾಗದಾಗ ಸ್ವಲ್ಪ ನಿಮ್ಮ ಮೈಗೂ ಹೋಗಿರತದ. ಅಪರೂಪಕ್ಕ ಅದೂ ಪರೀಕ್ಷಾದಾಗ ಕಾಣಬಹುದು. ನಾಲ್ಕು ದಿನ ಬಿಟ್ಟು ಬರ್ತೀರೇನು?"

"ಬ್ಯಾಡ್ರಿ ಬಾಯಾರ. ತಡಾ ಮಾಡಿದ್ರ, ತೊಳದ ಹೋಗ್ಲಿ ಅಂತ ಕಾದಾ ಅಂತಾರ. ಇವತ್ತ ತಗೋರಿ. ಬಂದ್ರ ಬರಲಿ."

ಸೀಸೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಯಿತು. ಇತ್ತ ಹೆಂಡತಿ ಮುದಕವ್ವ ಆ ಅಂಗಿಯನ್ನು ಹಿತ್ತಲ ಬೇಲಿಗೆ ಎಸೆದರು. "ಆಡು ಸೈತ ಅದರ ಹತ್ರ ಹೋಗಲಿಲ್ರಿ," ಎಂದು ಈಗಲೂ ನಗುತ್ತಾರೆ. ಆಗ ಮಾತ್ರ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ. ಬದಲಿ ಚಾಲಕ ತಡವಾಗಿ ಬಂದು ಎರಡು ಸಲ ಹಾಲು ಒಡೆಯಿತು. ಯಂಕವ್ವ ಬಸ್ಸು ಹತ್ತಿ ಡೇರಿಗೇ ಬಂದರು.

"ಪರಸಪ್ಪ ಎಲಿ-ಅಡಕಿನೂ ಬಾಯಾಗ ಹಾಕವನಲ್ಲ. ಬೆಂಗಳೂರಿಗೆ ಯಾಕ ಕೇಳ್ತೀರಿ? ನಮ್ಮನ್ನ ಕೇಳ್ರಿ!"

ಹದಿನೈದು ದಿನಕ್ಕೆ ವರದಿ ಬಂತು. ಅಮಲಿನ ಅಂಶ ಏನೂ ಕಂಡುಬಂದಿರಲಿಲ್ಲ. ಶ್ರೀನಿವಾಸರಾಯರು ತಾವೇ ಕೀಲಿ ಹಿಡಿದು ಪರಸಪ್ಪನವರ ಮನೆಗೆ ಹೋದರು. "ತಪ್ಪಾತು ಪರಸಪ್ಪ," ಎಂದರು.

"ಇರ್ಲಿ ಬಿಡ್ರಿ ಸಾಹೇಬ್ರ. ಆ ವಾಸನಿಗೆ ನನಗೂ ನನ್ನ ಮ್ಯಾಲ ಸಂಶೆ ಬಂದಿತ್ತು!"

ಈಗಲೂ ಪರಸಪ್ಪ ದಾರಿಯಲ್ಲಿ ಕೈ ಮಾಡಿದವರನ್ನು ಬಿಟ್ಟು ಹೋಗುವುದಿಲ್ಲ. ಬೈರಾಗಿಗಳಿಗೆ ಮಾತ್ರ ಹಿಂದೆ, ಕ್ಯಾನುಗಳ ನಡುವೆ ಜಾಗ. "ಸೇದೂದಿದ್ರ ಇಳದ ಸೇದ್ರಿ" ಎಂಬುದೊಂದು ಕರಾರು.

ಮುಂದೇನು ಆಸೆ ಎಂದು ಕೇಳಿದರೆ ಸ್ಟೇರಿಂಗ್ ಒರೆಸುತ್ತ ಹೇಳುತ್ತಾರೆ: "ನಮ್ಮ ಓಣ್ಯಾಗ ನಾ ಹಾರ್ನ್ ಹೊಡದ ಮ್ಯಾಲ ಚಾದ ಒಲಿ ಹಚ್ಚತಾರ್ರಿ. ಕಣ್ಣು ಛಲೋ ಇರೂತನಕಾ ಹಿಂಗ ನಡೀಲಿ."